ನೀವು ಕುಣಿಸಿದ ಕುರ್ಚಿ

ರೀ,

ನೀವು ಕಣ್ಣು ಮುಚ್ಚಿದ ಮೇಲೆ ಇವತ್ತು ಮೊದಲ ಸಲ ನಿಮ್ಮ ಆ ಕ್ಲಬ್ಬಿಗೆ ಕಾಲಿಟ್ಟೆ, ಅಲ್ಲಿ ಬಿಟ್ಟಿದ್ದ ನಿಮ್ಮ ಬೂಟು ತರಲು. ಪರದೇಶಕ್ಕೆ ಬಂದು ನಿವೃತ್ತರಾದವರೆಲ್ಲ ಸೇರಿ ಕಲಿಯುವುದಂತೆ! ಮಾಜಿ ಬ್ಯಾಂಕ್ ಮ್ಯಾನೇಜರೊಬ್ಬರು ನಕ್ಷತ್ರಗಳ ಬಗ್ಗೆ ಕೊರೆಯುತ್ತಿದ್ದರು. ಕೇಳುವವರು ಗೊರಕೆ ಹೊಡೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ಮಂಡಿನೋವಿನವರ ಜೋಡಿ ನೃತ್ಯ. ಹೆಂಡತಿ ಬಾರದವರಿಗೆ ಕುರ್ಚಿಯೇ ಜೋಡಿಯಂತೆ. ನೀವು ಕರೆದಾಗೆಲ್ಲ ನಾನು ಮೂಗು ಮುರಿದದ್ದು ಸರಿಯಾಗೇ ಇತ್ತು.

ನೃತ್ಯ ಕಲಿಸುವ ಹಲ್ಲಿನ ಡಾಕ್ಟರು ಒಂದು ಮರದ ಕುರ್ಚಿ ತೋರಿಸಿ ಹಲ್ಲು ಕಿರಿದರು: "ನಿಮ್ಮ ಯಜಮಾನ್ರು ಇದನ್ನೇ ಹಿಡ್ಕೊಂಡು ಕುಣೀತಿದ್ರು. 'ಕಾಲು ತುಳೀಬೇಡ ಕಣೇ' ಅಂತ ಇದಕ್ಕೇ ಗದರೋರು."

ಥೂ, ನಾಚಿಕೆಗೇಡು. ಬರೀ ಕರೆದರೆ ಸಾಕೇ? ಕೈ ಹಿಡಿದು ಎಳೆದೊಯ್ಯಬೇಕಿತ್ತು. ಆ ಮರದ ತುಂಡಿಗಿಂತ ನಾನೇ ಚೆನ್ನಾಗಿ ಕುಣಿಯುತ್ತಿದ್ದೆ.