ಕೆಳಗಿನ ಕೋರ್ಟಿನಲ್ಲಿ ಹೇಳದೆ ಉಳಿದದ್ದು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಯಿಬಡುಕಿ ತಂಗಿಯ ನಮಸ್ಕಾರಗಳು. ಅಮ್ಮನ ಮಂಡಿನೋವು ಹೇಗಿದೆ? ಭಾವ ಬೆಳಗಿನ ವಾಕಿಂಗ್ ಶುರುಮಾಡಿದರೋ, ಇನ್ನೂ ನಾಳೆ ನಾಳೆ ಎನ್ನುತ್ತಲೇ ಇದ್ದಾರೋ? ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಕೇಸಿನ ಸುದ್ದಿ ಎತ್ತಿದರೆ ನೀನು ಮಾತು ಮರೆಸುತ್ತೀಯ. ಅದಕ್ಕೇ ಈ ಪತ್ರ.

ಕೇಸು ವಜಾ ಆಯಿತು. ಪೊಲೀಸರು ಬೀದಿಯ ತಳ್ಳುಗಾಡಿಗಳನ್ನು ಒಡೆಯುವಾಗ ವಿಡಿಯೊ ಮಾಡಿದೆನೆಂದು ನನ್ನನ್ನು ಠಾಣೆಯಲ್ಲಿ ಕೂಡಿಹಾಕಿದ್ದರಲ್ಲ, ಅದರ ಮೇಲೆ ನಾನು ಹಾಕಿದ ಕೇಸು. ಅಧಿಕಾರಿಗಳ ವಿರುದ್ಧ ನಿಲ್ಲಲು ಯಾವ ವಕೀಲರೂ ಒಪ್ಪದೆ ನಾನೇ ವಾದಿಸಿದೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಹಗಲು ಕೂರಿಸಿದ್ರು, ಸಂಜೆ ಕಳಿಸಿದ್ರು. ನಿಮಗೆ ಆದ ಹಾನಿ ಏನಮ್ಮ?" ಎಂದರು. ಮನೆಯಲ್ಲಿ ಒಂದಕ್ಕೆ ಹತ್ತು ಆಡುವವಳು ಅಲ್ಲಿ, "ಒಂದು ದಿನದ ಸಂಪಾದನೆ ಹೋಯ್ತು ಸ್ವಾಮಿ" ಎಂದಷ್ಟೇ ಹೇಳಿದೆ. ಕಾಗದ ವಾಪಸು ಕೊಡುವಾಗ ಗುಮಾಸ್ತರು, "ಕಡತದ ಹೊಲಿಗೆ ಮಾತ್ರ ಚೆನ್ನಾಗಿದೆ" ಎಂದರು. ಟೈಲರಿಗೆ ಅಷ್ಟಾದರೂ ಹೊಗಳಿಕೆ ಸಿಕ್ಕಿತಲ್ಲ.

ಮರುದಿನವೇ, ಅಂದು ನನ್ನನ್ನು ಕೂಡಿಹಾಕಿದ್ದ ಇನ್‌ಸ್ಪೆಕ್ಟರ್ ಅಂಗಡಿಗೆ ಬಂದ. ಸಮವಸ್ತ್ರದ ಪ್ಯಾಂಟನ್ನು ನನ್ನ ಮೆಷಿನ್ ಮೇಲೆ ಹಾಕಿ, "ಸೊಂಟ ಸ್ವಲ್ಪ ಬಿಡಿಸ್ಕೊಡಮ್ಮ. ಕೇಸು ಮುಗೀತಲ್ಲ, ಇನ್ನು ಕೈ ಖಾಲಿ ಇರುತ್ತೆ" ಎಂದ. ಮುಟ್ಟಲು ಮನಸ್ಸಾಗದೆ ಅದನ್ನು ಸ್ಕೇಲಿನಿಂದ ಅವನ ಕಡೆ ಸರಿಸಿದೆ. ಅಂದಿನಿಂದ ಜೀಪು ದಿನಾ ಅಂಗಡಿಯೆದುರು ನಿಲ್ಲುತ್ತದೆ. ಗಿರಾಕಿಗಳು ಆಚೆ ಬದಿಯಿಂದಲೇ ಹೋಗುತ್ತಾರೆ. ಹೆದರಿಕೆಯಾಗುತ್ತದೆ ಅಕ್ಕ, ನಿನ್ನ ಹತ್ತಿರ ಏಕೆ ಮುಚ್ಚಿಡಲಿ.

ಮೇಲ್ಮನವಿಗೆ ಶುಕ್ರವಾರ ಕೊನೆಯ ದಿನ. ಕೋರ್ಟಿನ ಪಡಸಾಲೆಯಲ್ಲಿ ವಯಸ್ಸಾದ ವಕೀಲೆಯೊಬ್ಬರು ನನ್ನ ಕಡತ ಓದಿದರು. "ನೀನು ಏನನ್ನೋ ಬಿಟ್ಟಿದ್ದೀಯ, ನಿನ್ನ ಮುಖಾನೇ ಹೇಳುತ್ತೆ. ಮೇಲಿನ ಕೋರ್ಟು ಹೊಸ ಮಾತನ್ನ ಸುಲಭಕ್ಕೆ ಕೇಳಲ್ಲ. ಈಗಲೂ ಬಿಟ್ರೆ ಇಲ್ಲಿಗೇ ಮುಗೀತು. ಅದನ್ನ ಬರಿ, ಮೊದಲೇ ಯಾಕೆ ಹೇಳ್ಲಿಲ್ಲ ಅನ್ನೋದನ್ನೂ ಬರಿ" ಎಂದರು. ಎರಡನ್ನೂ ಬರೆದಿದ್ದೇನೆ. ಓದಿ ನೋಡಿದಾಗ ಹರಿದು ಹಾಕಬೇಕೆನಿಸಿತು, ಆದರೂ ಕಡತಕ್ಕೆ ಸೇರಿಸಿ ಹೊಲಿದೆ.

ಅಮ್ಮನಿಗೆ ಔಷಧಿ ತಪ್ಪಿಸಬೇಡ. ಮಕ್ಕಳಿಗೆ ನನ್ನ ಮುತ್ತು. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ,
ಬಾಯಿಬಡುಕಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ: ಆ ದಿನ ಠಾಣೆಯ ಒಳಕೋಣೆಯಲ್ಲಿ ತಪಾಸಣೆಯೆಂದು ನನ್ನ ಬಟ್ಟೆ ಬಿಚ್ಚಿಸಿ, ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದರಲ್ಲ, ಅದನ್ನು ನಿನಗೊಬ್ಬಳಿಗೇ ಹೇಳಿದ್ದೆ. ನೀನು ನನ್ನ ಮೈಗೆ ಕಂಬಳಿ ಹೊದಿಸಿ, "ಇದನ್ನ ಎಲ್ಲೂ ಬಾಯಿ ಬಿಡಬೇಡ, ಮನೆ ಮಾನ ಹೋಗುತ್ತೆ" ಎಂದೆ. ಬಾಗಿಲು ತೆರೆದಿಟ್ಟದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ನೋಯಿಸಿತು. ಮೊದಲೇ ಏಕೆ ಹೇಳಲಿಲ್ಲ ಎನ್ನುವಲ್ಲಿ, "ನನ್ನ ಅಕ್ಕ ಬೇಡವೆಂದಳು" ಎಂದು ಬರೆದಿದ್ದೇನೆ. ಅಂದು ನಾನು ನಿನಗೆ ಹೇಳಿದ್ದು ನಿಜವೆಂದು ಸಹಿ ಹಾಕಬಲ್ಲವಳು ನೀನೊಬ್ಬಳೇ. ಶುಕ್ರವಾರ ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಹತ್ತಿರ ಕಾಯುತ್ತಿರುತ್ತೇನೆ. ಬರದಿದ್ದರೆ ಒಬ್ಬಳೇ ಒಳಗೆ ಹೋಗುತ್ತೇನೆ.