ಕೋಳಿಮನೆಯ ಬಾತುಮರಿ

ಫೆಬ್ರವರಿ 28, ಗುರುವಾರ
ಗ್ರಂಥಾಲಯದಲ್ಲಿ ಹನ್ನೊಂದು ಹರಿದ ಪುಸ್ತಕಗಳಿಗೆ ಟೇಪು ಹಚ್ಚಿದ್ದೆ. ಗ್ರಂಥಪಾಲಕಿ ರೊಹಾನಿ ಬಂದಳು. ಮುಖ ನೋಡಿದರೇ ಗೊತ್ತು — ಏನೋ ಗಂಟುಬಿದ್ದಿದೆ.
"ಲೆಚ್ಚುಮಿಯಕ್ಕಾ, ಶನಿವಾರ ಕೌಲಾಲಂಪುರದಿಂದ ಒಬ್ರು ಮೇಡಂ ಬರ್ತಾರೆ. ದತ್ತು ಮಕ್ಕಳಿಗೆ ಚಿತ್ರದ ಪುಸ್ತಕ ಓದ್ತಾರಂತೆ. ನೀವೂ ಕೂತ್ಕೊಳ್ಳಿ."
"ನಾನ್ಯಾಕೆ?"
"ಅಯ್ಯೋ, ನಿಮಗಿಂತ ಇನ್ನೊಬ್ರು ಬೇಕಾ?"
ಹೌದು. ತಮಿಳರ ಮನೆಯಲ್ಲಿ ಬೆಳೆದ ಚೀನೀ ಕೂಸು ನಾನು. ಚೀನೀ ಮುಖ, ತಮಿಳು ಬಾಯಿ, ಹಣೆಗೆ ಕುಂಕುಮ. ಅರವತ್ತಾರು ವರ್ಷದಿಂದ ಈ ತೈಪಿಂಗ್ ಊರಿನವರಿಗೆ ನಾನೇ ಚಿತ್ರದ ಪುಸ್ತಕ.

ಮಾರ್ಚ್ 2, ಶನಿವಾರ
ಮೇಡಂ ಹೆಸರು ವನೆಸ್ಸಾ. ದತ್ತು ಅಂದರೇನೆಂದು ಕೋರ್ಸ್ ಮಾಡಿ ಕಲಿತವಳು. ದನಿಗೆ ಜೇನು ಸವರಿಕೊಂಡೇ ಬಂದಿದ್ದಳು.
ಪುಸ್ತಕದಲ್ಲಿ ಕೋಳಿಮನೆಗೊಂದು ಬಾತುಮರಿ ಬರುತ್ತದೆ. ಎಲ್ಲಿಂದ? ಪುಸ್ತಕಕ್ಕೆ ಅದು ಬೇಡ. ಕೊನೆಯ ಪುಟದಲ್ಲಿ ಎಲ್ಲರೂ ತಬ್ಬಿಕೊಂಡು ನಗುತ್ತಾರೆ. ತಬ್ಬಲು ಕೋಳಿಗೆ ಕೈ ಎಲ್ಲಿದೆ? ನಮ್ಮ ರಬ್ಬರ್ ತೋಟದ ಕೋಳಿಗಳಾದರೆ ಕುಕ್ಕಿ ಓಡಿಸುತ್ತಿದ್ದವು.
"ಈಗ ನಿಮ್ಮ ನಿಮ್ಮ ಗೂಡು ಬರೀರಿ ಮಕ್ಕಳೇ!"
ನನಗೂ ಒಂದು ಕ್ರೆಯಾನ್ ಕೊಟ್ಟಳು. ಥೂ.

ಮಾರ್ಚ್ 9, ಶನಿವಾರ
ಮತ್ತೆ ಅದೇ ಬಾತುಮರಿ. ಪೂವಿಳಿ ಕೈ ಎತ್ತಿದಳು. ಏಳು ವರ್ಷ, ಅಂಬಿಕಾ ಟೀಚರ್ ಸಾಕುತ್ತಿರುವ ಹುಡುಗಿ.
"ಬಾತುಮರಿ ಅಮ್ಮ ಅದನ್ನ ಹುಡುಕ್ಕೊಂಡು ಬರಲಿಲ್ವಾ?"
ವನೆಸ್ಸಾಳ ನಗು ಹಾಗೇ ಒಣಗಿತು. "ಅದು ಬೇರೆ ಕಥೆ ಚಿನ್ನ... ಈ ಪುಟದ ಬಣ್ಣ ನೋಡು!"
ಹುಡುಗಿ ನನ್ನತ್ತ ತಿರುಗಿದಳು. "ಅಜ್ಜಿ, ನಿಮ್ಮಮ್ಮ ಬಂದಿದ್ರಾ?"
"ಇಲ್ಲ. ಯಾರೂ ಬರಲಿಲ್ಲ."
ಥಟ್ಟನೆ ಹೇಳಿಬಿಟ್ಟೆ. ಹುಡುಗಿ ತಲೆ ತಗ್ಗಿಸಿದಳು. ಯಾರನ್ನು ಕೇಳಿ ಹೇಳಿದೆ? ಒಮ್ಮೆಯೂ ಯಾರನ್ನೂ ಕೇಳಿದವಳಲ್ಲ. ವನೆಸ್ಸಾ ಮಾತನ್ನಾದರೂ ಬೇರೆಡೆ ತಿರುಗಿಸಿದಳು, ನಾನು ಅದನ್ನೂ ಮಾಡಲಿಲ್ಲ...

ಮಾರ್ಚ್ 10, ಬೆಳಗ್ಗೆ 8
ಈಪೋದಲ್ಲಿರುವ ಸೆಲ್ಲಮ್ಮಕ್ಕನಿಗೆ ಫೋನ್ ಮಾಡಿದೆ. ನನ್ನನ್ನು ಸಾಕಿದ ಅಮ್ಮನ ಹೆತ್ತ ಮಗಳು. ಎಂಬತ್ತಾಯಿತು.
"ಅಕ್ಕಾ, ನನ್ನ ಹುಡುಕ್ಕೊಂಡು ಯಾರಾದ್ರೂ ಬಂದಿದ್ರಾ?"
"ಬೆಳಬೆಳಗ್ಗೆ ನಿಂಗೇನಾಯ್ತೇ?"
"ಹೇಳು."
ಆಚೆ ರೇಡಿಯೋ ನಿಂತಿತು.
"ಬರ್ತಿದ್ಲು. ನಿನ್ನ ಹೆತ್ತವಳು. ನಿಂಗೆ ಮೂರು ತುಂಬೋವರೆಗೂ. ಬೇಲಿ ಆಚೆ ನಿಂತು ನೋಡೋಳು. ಎತ್ಕೊಂಡು ಹೋಗ್ತಾಳೆ ಅಂತ ಅಮ್ಮಂಗೆ ಹೆದರಿಕೆ. ಅದಕ್ಕೇ ಆ ತೋಟಾನೇ ಬಿಟ್ಟು ಬಂದ್ವಿ."
"ಇಷ್ಟು ವರ್ಷ ಬಾಯಿ ಬಿಡಲಿಲ್ವಲ್ಲೇ!"
"ನೀನು ಕೇಳಲಿಲ್ಲ."

ಮಾರ್ಚ್ 23, ಶನಿವಾರ
ಹೋದ ವಾರ ಹೋಗಲಿಲ್ಲ. ಇವತ್ತು ಹೋಗಿ ವನೆಸ್ಸಾಳ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಬೇಡ ಎನ್ನುವುದನ್ನು ಕೋರ್ಸಿನಲ್ಲಿ ಕಲಿಸಿಲ್ಲ, ಪಾಪ.
"ಪೂವಿಳಿ, ಅವತ್ತು ಗೊತ್ತಿಲ್ದೆ ಹೇಳ್ದೆ ಕಣೆ. ನಮ್ಮಮ್ಮ ಬರ್ತಿದ್ಲಂತೆ. ಬೇಲಿ ಆಚೆ ನಿಲ್ತಿದ್ಲಂತೆ."
"ಮತ್ತೆ ಕೋಳಿಯಮ್ಮ?"
"ಹೆದರಿ ಓಡಿದ್ಲು. ಮರೀನ ಕಂಕುಳಲ್ಲಿಟ್ಕೊಂಡು."
ಯೋಚಿಸಿದಳು. "ಹಾಗಾದ್ರೆ ಇಬ್ರಿಗೂ ಮರಿ ಬೇಕಿತ್ತು."
ಹಿಂದೆ ಕೂತಿದ್ದ ಅಂಬಿಕಾ ಸೆರಗು ಬಾಯಿಗೆ ಒತ್ತಿಕೊಂಡಳು. ವನೆಸ್ಸಾ? ನೋಟ್ಸ್ ಬರೆದುಕೊಳ್ಳುತ್ತಿದ್ದಳು! ಮುಂದಿನ ಊರಿನಲ್ಲಿ ಮಕ್ಕಳ ಕೈಲಿ ಬೇಲಿಗೂ ಬಣ್ಣ ಹಚ್ಚಿಸುತ್ತಾಳೆ.

ಸಂಜೆ 5
ಸಾಕಿದ ಅಮ್ಮನ ಫೋಟೋ ಮುಂದೆ ನಿಂತೆ. ಚೆನ್ನಾಗಿ ಬೈಯಬೇಕೆಂದೇ. "ಕಳ್ಳಿ," ಎಂದೆ. ಆಮೇಲೆ ಬೈಗುಳ ಬರಲಿಲ್ಲ.
ಮತ್ತೆ ಅಕ್ಕನಿಗೆ ಫೋನ್. ಬೇಲಿ ಆಚೆ ನಿಲ್ಲುತ್ತಿದ್ದ ಆ ಇನ್ನೊಬ್ಬಳ ಹೆಸರೇನು?
"ಹೆಸರಾ... ಇರೇ, ಅಮ್ಮ ಒಂದ್ಸಲ ಹೇಳಿದ್ಲು..."
ಕಾಯುತ್ತಿದ್ದೇನೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೆನ್ನು. ಅಕ್ಕ ಗಂಟಲು ಸರಿಮಾಡಿಕೊಂಡಳು. ಹಾಂ, ಹೇಳು, ನಿಧಾನಕ್ಕೆ —