ಕಲೆಯಿಲ್ಲದ ಪುಟಗಳು

ಅಕ್ಕಾ,

ಇವತ್ತು ಸಿಕ್ಕಿಬಿದ್ದೆ ಕಣೇ. ಆಸ್ಪತ್ರೆಯಲ್ಲಿ ನಮ್ಮ ಸರದಿಗೆ ಕಾಯುತ್ತಾ, ನೀನು ಕಲಿಸಿದ ಹಾಗೆಯೇ, ಬೇರೆ ಬೇರೆ ದಿನ ಬರೆದಂತೆ ಕಾಣಲೆಂದು ಮೂರು ಪೆನ್ನು ಬದಲಿಸಿ, ಇಡೀ ತಿಂಗಳ ಶುಗರ್ ಪುಸ್ತಕವನ್ನು ಹತ್ತು ನಿಮಿಷದಲ್ಲಿ ತುಂಬಿಸಿದ್ದೆ. ಎಲ್ಲವೂ ಒಳ್ಳೊಳ್ಳೆಯ ನಂಬರುಗಳೇ.

ನರ್ಸಮ್ಮ ಪುಟ ತಿರುವಿ ನನ್ನ ಮುಖ ನೋಡಿದರು. "ದಿನಾ ನಾಲ್ಕು ಸಲ ಬೆರಳು ಚುಚ್ಕೊಂಡಿದೀಯ. ಎಲ್ಲೂ ಒಂದು ರಕ್ತದ ಕಲೆ ಇಲ್ವಲ್ಲಮ್ಮಾ?"

ಅಮ್ಮ ಪಕ್ಕದಲ್ಲೇ ಇದ್ದಳು.

"ಚುಚ್ಚಿ ಚುಚ್ಚಿ ಸಾಕಾಗೋಗಿದೆ," ಎಂದೆ. "ನಂಬರ್ ಜಾಸ್ತಿ ಬಂದ್ರೆ ಮನೇಲಿ ಎಲ್ರ ಮುಖಾನೂ ಸಪ್ಪಗಾಗುತ್ತೆ."

ಅಲ್ಲೇ ಚುಚ್ಚಿಸಿದರು. ಮುನ್ನೂರ ಹನ್ನೆರಡು. ಬರೆಯುವಾಗ ಬೆರಳು ತಾಗಿ ಪುಟದ ಮೂಲೆ ಕೆಂಪಾಯಿತು. "ಹಾಂ, ಇದು ನಿಜವಾದ ಪುಟ. ಇಲ್ಲಿಂದ ಶುರು ಮಾಡೋಣ," ಎಂದರು ನರ್ಸಮ್ಮ. ದಾರಿಯುದ್ದಕ್ಕೂ ಅಮ್ಮ ಬೈಯಲಿಲ್ಲ. ಚುಚ್ಚಿದ ನನ್ನ ಬೆರಳನ್ನು ಹಿಡಿದುಕೊಂಡೇ ಬಂದಳು.

ನೀನು ತೀರಿಕೊಂಡಾಗಿನಿಂದ ಅವಳು ನಿನ್ನ ಶುಗರ್ ಪುಸ್ತಕ ಹಿಡಿದು, "ಎಲ್ಲಾ ಸರಿಯಾಗೇ ಇತ್ತಲ್ಲ, ಮತ್ಯಾಕೆ ಹೀಗಾಯ್ತು?" ಎನ್ನುತ್ತಲೇ ಇದ್ದಾಳೆ. ಮನೆಗೆ ಬಂದವಳೇ ನಾನು ಅದನ್ನು ಕಪಾಟಿನಿಂದ ತೆಗೆದು, ಒಂದೊಂದೇ ಪುಟವನ್ನು ಬೆಳಕಿಗೆ ಹಿಡಿದೆ. ಒಂದು ಕಲೆಯೂ ಇಲ್ಲ.

ಆ ಪೆನ್ನುಗಳನ್ನೆಲ್ಲ ನನ್ನ ಡಬ್ಬಿಯಿಂದಲೇ ತೆಗೆದುಕೊಳ್ಳುತ್ತಿದ್ದೆ ನೀನು. ನಾನು ನಗುತ್ತಾ ಕೊಡುತ್ತಿದ್ದೆ.

ಪುಸ್ತಕ ಈಗ ನನ್ನ ದಿಂಬಿನ ಕೆಳಗಿದೆ. ಅಮ್ಮ ಕಪಾಟು ತೆರೆದ ಸದ್ದಾಯಿತು.

"ಅಕ್ಕನ ಪುಸ್ತಕ ಎಲ್ಲೇ?" ಎನ್ನುತ್ತಿದ್ದಾಳೆ.